ಬಾಲಕ್ಕೂ ಬೆಲೆ ಕಟ್ಟಿದ ಊರು

ಹೊಸಪೇಟೆಯಲ್ಲಿ ಯಾವ ಕಾರೇ ಬಂದು ನಿಲ್ಲಲಿ, ಸುತ್ತ ಸೇರಿದವರ ಮೊದಲ ಪ್ರಶ್ನೆ ಒಂದೇ: ‘ಎಷ್ಟು ಕೊಡ್ತೈತ್ರಿ?’ ನನ್ನ ಎರಡನೇ ಕಾರಿನ ಬಗ್ಗೆ ಹಾಗೆ ಕೇಳುವುದೆಂದರೆ, ಕಛೇರಿ ಮುಗಿಸಿ ಇಳಿದ ಹಾಡುಗಾರರನ್ನು ‘ಒಂದು ಸಲಕ್ಕೆ ಎಷ್ಟು ಮೂಟೆ ಹೊರ್ತೀರಿ?’ ಎಂದು ವಿಚಾರಿಸಿದಂತೆ. ಮೂಟೆ ಹೊರುವುದಕ್ಕೆ ಮನೆಯಲ್ಲಿ ಮೊದಲನೇ ಕಾರಿದೆ. ಎತ್ತರದ್ದು, ಸಾಧು. ಸಂತೆ, ಮದುವೆ, ಆಸ್ಪತ್ರೆ ಎಲ್ಲ ಅದರ ಪಾಲು.

ಇದು 2010ರ ಬಿಎಂಡಬ್ಲ್ಯು 3 ಸೀರೀಸ್. ಡೀಸೆಲ್, ಆರು ಗೇರಿನ ಆಟೋಮ್ಯಾಟಿಕ್. ಬಲ್ಲವರು ಇ90 ಅನ್ನುತ್ತಾರೆ. ನಮ್ಮ ಓಣಿಯ ಹುಡುಗರಿಗೆ ಮಾತ್ರ ‘ಮೈನಿಂಗ್ ಗಾಡಿ’. ಹುಡುಗರ ಮಾತು ಸುಳ್ಳಲ್ಲ. ಚೀನಾ ನಮ್ಮ ಕೆಂಪು ಮಣ್ಣನ್ನು ಕಣ್ಣುಮುಚ್ಚಿ ಕೊಳ್ಳುತ್ತಿದ್ದ ಕಾಲದಲ್ಲಿ ಇಂಥ ಕಾರುಗಳು ಈ ಕಡೆ ಧಾರಾಳವಾಗಿ ಬಂದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು ನೋಡಿ, ಲಾರಿಗಳು ಸಾಲಾಗಿ ತುಕ್ಕು ಹಿಡಿದವು, ಕಾರುಗಳು ಕೈ ಬದಲಿಸಿದವು. ನನ್ನದು ಯಾರ್ಯಾರ ಕೈ ದಾಟಿ ಬಂತೋ, ಬಾಗಿಲಿನ ರಬ್ಬರ್ ಸಂದಿಯಲ್ಲಿ ಈಗಲೂ ಕೆಂಧೂಳು ಸಿಗುತ್ತದೆ. ನಂಬರು ಬಳ್ಳಾರಿಯ ಕೆಎ 34. ಹೊಸಪೇಟೆಯ 35ರವರು ಅದನ್ನು ಅಳಿಯನಂತೆ ಸ್ವಲ್ಪ ದೂರದಿಂದಲೇ ಗೌರವಿಸುತ್ತಾರೆ.

ವೇಗ? ಅದಿದೆ, ಓಡಿಸಲು ಜಾಗವಿಲ್ಲ ಅಷ್ಟೆ. ಸಂಡೂರಿನ ದಾರಿ ಹಿಡಿದರೆ ಮುಂದೆ ಅದಿರು ಲಾರಿ, ಅದರ ಮುಂದೆ ಇನ್ನೊಂದು. ಏರು, ತಿರುವು, ಟಾರ್ಪಾಲಿನಡಿಯಿಂದ ಹಾರುವ ಧೂಳು. ಜರ್ಮನಿಯ ಹೆದ್ದಾರಿಗೆಂದು ಹುಟ್ಟಿದ ತಳಿ ಇಲ್ಲಿ ಗಂಟೆಗೆ ಹದಿನೈದು ಕಿಲೋಮೀಟರಿನಲ್ಲಿ ಏದುಸಿರಿಲ್ಲದೆ ತೆವಳುತ್ತದೆ. ಅದರ ನಿಜವಾದ ಸುಖ ಆಗಲೇ ಗೊತ್ತಾಗುವುದು: ಕ್ಲಚ್ಚಿಲ್ಲ, ಎಡಗಾಲಿಗೆ ಪೂರ್ಣ ನಿವೃತ್ತಿ. ಹಿಂದಿನ ಕಾರಿನವನು ಕ್ಲಚ್ ತುಳಿದು ತುಳಿದು ಮುಖ ಕಿವುಚುತ್ತಿರುವಾಗ ನಾನು ಮಳೆಗಾಲದ ಹಸಿರು ಹೊದ್ದ ಗುಡ್ಡ ನೋಡುತ್ತಿರುತ್ತೇನೆ. ಸ್ಪೋರ್ಟ್ಸ್ ಕಾರು ಕೊಳ್ಳಲು ಇದು ಕಾರಣವಾಯಿತೇ ಎಂದು ಮನೆಯವಳು ಕೇಳುತ್ತಾಳೆ. ನನಗಂತೂ ಸಾಕಾಗಿದೆ.

ದೂರದ ತಳಿಗೆ ದುಡ್ಡು ಸುರಿಯುವ ಚಪಲ ಈ ನೆಲಕ್ಕೆ ಹೊಸದೇನಲ್ಲ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಹದಿನಾರನೇ ಶತಮಾನದಲ್ಲಿ ವಿಜಯನಗರದಲ್ಲಿದ್ದು ಬರೆದಿಟ್ಟದ್ದನ್ನು ನೋಡಬೇಕು. ಸಾಳುವ ನರಸಿಂಹ ಕಡಲಾಚೆಯಿಂದ ಬಂದ ಕುದುರೆಗಳನ್ನು ಸಾವಿರ ಪರ್ದಾವಿಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ದಾರಿಯಲ್ಲಿ ಸತ್ತರೆ? ಬಾಲ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯೇ ಸಿಗುತ್ತಿತ್ತು! ಹಳೇ ಕಾರು ಮಾರುವ ದಲ್ಲಾಳಿಗಳು ಇದನ್ನು ಓದದಿರಲಿ ಎಂಬುದೇ ನನ್ನ ಹಾರೈಕೆ. ಕಂಪನಿಯ ಲಾಂಛನವೊಂದನ್ನೇ ತಂದು ಪೂರ್ತಿ ಕಾರಿನ ದುಡ್ಡು ಕೇಳಿಯಾರು.

ಈ ಬಾಲಗಳ ಕತೆಗೆ ಹಂಪಿಯಲ್ಲಿ ಸಾಕ್ಷಿಯೂ ಇದೆ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಈಗಿರುವುದು ಆನೆಗಳು. ಬಗ್ಗಿ ನೋಡಿದರೆ ಅವುಗಳ ಹಿಂದೆ ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲ ಉಳಿದುಕೊಂಡಿವೆ. ಕಾರು ಅಲ್ಲಿಯವರೆಗೆ ಹೋಗುವಂತಿಲ್ಲ. ದೂರದಲ್ಲೇ ನಿಲ್ಲಿಸಿ, ಬ್ಯಾಟರಿ ಬಂಡಿಯಲ್ಲಿ ಪ್ರವಾಸಿಗರ ನಡುವೆ ಮೊಣಕಾಲು ಮಡಚಿಕೊಂಡು ಕೂರಬೇಕು. ಐವತ್ತರ ನೋಟಿನ ಮೇಲೇರಿದ ರಥವದು. ಒಂದಿಂಚೂ ಕದಲುವುದಿಲ್ಲ, ಮೈಲೇಜು ಕೇಳುವ ಧೈರ್ಯವೂ ಯಾರಿಗಿಲ್ಲ.

ಕಂಪ್ಲಿಯ ಕಡೆಗೆ ಬೇರೆಯದೇ ಪರೀಕ್ಷೆ. ಕೊಯ್ಲು ಮುಗಿದ ಹೊತ್ತಿನಲ್ಲಿ ಅರ್ಧ ರಸ್ತೆ ಭತ್ತದ್ದು. ಉಳಿದರ್ಧದಲ್ಲಿ ಕಬ್ಬಿನ ಟ್ರ್ಯಾಕ್ಟರು, ಬಾಲಕ್ಕೆ ಎರಡು ಟ್ರೇಲರು. ಪ್ರತಿ ಊರಿನ ಬಾಗಿಲಲ್ಲೂ ಸ್ಪೀಡ್ ಬ್ರೇಕರು. ನೆಲಕ್ಕಂಟಿದ ಕಾರನ್ನು ಅದರ ಮೇಲೆ ಓರೆಯಾಗಿ ಹತ್ತಿಸುವಾಗ ಕಟ್ಟೆಯ ಮೇಲಿನ ಹಿರಿಯರು ಮಾತು ನಿಲ್ಲಿಸುತ್ತಾರೆ. ತಳ ತಾಗದೆ ದಾಟಿದರೆ ಅವರಿಗೇ ನಿರಾಸೆ.

ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿಯ ಸೇತುವೆ ಮುಳುಗುತ್ತದೆ. ಗಂಗಾವತಿಯಲ್ಲಿ ನೆಂಟರ ಸೀಮಂತವಿದ್ದರೆ ಬುಕ್ಕಸಾಗರ, ಕಡೆಬಾಗಿಲು ಅಂತ ಸುತ್ತಬೇಕು. ‘ಇವತ್ತೇ ಮುಳುಗಬೇಕಿತ್ತಾ’ ಎಂದು ಮನೆಯವಳು ಗೊಣಗುತ್ತಾಳೆ. ‘ಹೌದು, ಅನ್ಯಾಯ’ ಎನ್ನುತ್ತ ನಾನು ಎರಡನೇ ಕಾರಿನ ಕೀ ಎತ್ತಿಕೊಳ್ಳುತ್ತೇನೆ.