ಗೂಟಕ್ಕೆ ಕಟ್ಟದ ಕಾರು

ನಲ್ಲಂಪಳ್ಳಿಯಲ್ಲಿ ನಮ್ಮ ಮಾವನವರದೊಂದು ಅಂಬಾಸಿಡರ್ ಇತ್ತು. ಕಡೇ ಕಡೇಗೆ ಅದು ಕೀಲಿಯ ಮಾತು ಕೇಳುವುದನ್ನೇ ಬಿಟ್ಟಿತ್ತು. ಇಳಿಜಾರು ಹುಡುಕಿ, ಮೂತಿ ಕೆಳಗೆ ಮಾಡಿ ನಿಲ್ಲಿಸಬೇಕು. ಎರಡನೇ ಗೇರಿಗೆ ಹಾಕಿ ಕ್ಲಚ್ ತುಳಿದು ಕೂತರೆ ನಾಲ್ಕು ಜನ ತಳ್ಳಬೇಕು. ತೊಪ್ಪೂರು ಘಾಟಿಯ ಮಗ್ಗುಲಲ್ಲಿರುವವರಿಗೆ ಇಳಿಜಾರಿಗೇನು ಬರ? ತಳ್ಳುವವರಿಗಂತೂ ಬರವೇ ಇರಲಿಲ್ಲ.

ಇಲ್ಲಿ ವಿನ್ನಿಪೆಗ್‌ನಲ್ಲಿ ಜನವರಿಯ ಒಂದು ಬೆಳಗ್ಗೆ 7 ಗಂಟೆಗೆ, ಮೈನಸ್ 31ರಲ್ಲಿ, ನಮ್ಮ ಕಾರು ಕಟಕಟ ಹಲ್ಲು ಕಡಿದು ಸುಮ್ಮನಾಯಿತು. ಯಜಮಾನರು ಅಪ್ಪನಿಗೆ ವಿಡಿಯೊ ಕಾಲ್ ಹಚ್ಚಿದರು. ಅಲ್ಲಿ ಸಂಜೆ 6.30. ಮಾವ ತಲೆಗೆ ಮಫ್ಲರ್ ಸುತ್ತಿ, "ಇಲ್ಲೂ ಚಳಿ ಜಾಸ್ತೀನೇ" ಎನ್ನುತ್ತಾ ಕಾಫಿ ಕುಡಿಯುತ್ತಿದ್ದರು.

"ಚೋಕ್ ಎಳೆದೆಯೇನಪ್ಪಾ?"

"ಈ ಕಾರಿಗೆ ಚೋಕ್ ಇಲ್ಲಪ್ಪ."

"ಯಾರು ಕಿತ್ತುಕೊಂಡು ಹೋದ್ರು?"

ಬ್ಯಾಟರಿ ಟರ್ಮಿನಲ್‌ಗೆ ಬಿಸಿನೀರು ಹುಯ್ಯಿ ಎಂದರು. ಹುಯ್ದರೆ ಅಲ್ಲೇ ಗಡ್ಡೆ ಕಟ್ಟುತ್ತಿತ್ತು. ಸರಿ, ಇಳಿಜಾರಿಗೆ ತಳ್ಳು ಎಂದರು. ಪುರಾತನ ಅಗಾಸಿ ಸರೋವರದ ತಳವೇ ಈ ಊರು. ಚಪಾತಿ ಮಣೆಯ ಹಾಗೆ ಸಪಾಟು. ಅದೂ ಅಲ್ಲದೆ ಆಟೊಮ್ಯಾಟಿಕ್ ಗೇರಿನ ಕಾರು ತಳ್ಳಿದರೆ ಉರುಳುತ್ತದೆಯೇ ಹೊರತು ಏಳುವುದಿಲ್ಲ.

ಮೈನಸ್ 18ಕ್ಕೇ ಬ್ಯಾಟರಿಯ ಬಲ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎಣ್ಣೆ ಹರಳೆಣ್ಣೆಯಂತೆ ಮಂದವಾಗಿ, ಎಂಜಿನ್ ಮಾತ್ರ ಮೊದಲಿಗಿಂತ ಹೆಚ್ಚು ಬಲ ಕೇಳುತ್ತದೆ. ತಿಂಗಳ ಕೊನೆಯ ಸಂಸಾರ! ಅದಕ್ಕೇ ಇಲ್ಲಿನ ಕಾರುಗಳ ಹೊಟ್ಟೆಯಲ್ಲೊಂದು ಬ್ಲಾಕ್ ಹೀಟರ್. ಅದರ ವಯರು ಮೂತಿಯಿಂದ ಮೂಗುದಾರದಂತೆ ನೇತಾಡುತ್ತಿರುತ್ತದೆ. ರಾತ್ರಿ ಅದನ್ನು ಪಾರ್ಕಿಂಗ್ ಜಾಗದ ಗೂಟದಲ್ಲಿರುವ ಪ್ಲಗ್ಗಿಗೆ ಸಿಕ್ಕಿಸಿದರೆ ಕೂಲಂಟ್ ಬೆಚ್ಚಗಿದ್ದು, ಬೆಳಗ್ಗೆ ಎಂಜಿನ್ ಮುನಿಯುವುದಿಲ್ಲ. ಹಿಂದಿನ ರಾತ್ರಿ ಅದನ್ನು ಸಿಕ್ಕಿಸಿದ್ದು ನಾನೆಂದು ಅವರೂ, ಅವರೆಂದು ನಾನೂ ನೆಮ್ಮದಿಯಾಗಿ ಮಲಗಿದ್ದೆವು.

ಕೊನೆಗೆ ಪಕ್ಕದ ಮನೆಯ ಅಜ್ಜಿ ಜಂಪರ್ ಕೇಬಲ್ ಹಿಡಿದು ಬಂದರು. ಎಪ್ಪತ್ತು ದಾಟಿದವರು. ಕೆಂಪು ಕ್ಲಿಪ್ ಮೊದಲು ನಮ್ಮ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ತಮ್ಮದರ ಪ್ಲಸ್‌ಗೆ. ಕಪ್ಪು ತಮ್ಮ ಮೈನಸ್‌ಗೆ. ಉಳಿದ ಕಪ್ಪನ್ನು ಯಜಮಾನರು ನಮ್ಮ ಬ್ಯಾಟರಿಗೇ ಕಚ್ಚಿಸಹೊರಟಾಗ ಕೈಮೇಲೊಂದು ಕೊಟ್ಟು, ಎಂಜಿನ್ನಿನ ಬರೀ ಲೋಹಕ್ಕೆ ಕಚ್ಚಿಸಿದರು. ಬ್ಯಾಟರಿಯ ಬಳಿ ಹೈಡ್ರೋಜನ್ ಇರಬಹುದು, ಕಿಡಿ ಹಾರಬಾರದು. ಐದು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಕಾರು ಗುರ್ ಎಂದಿತು.

"ಮೆಕ್ಯಾನಿಕ್ಕು ಯಾರಪ್ಪ? ಕೈ ಚೆನ್ನಾಗಿದೆ" ಎಂದರು ಮಾವ.

ವಯರಿನ ಕಥೆ ಕೇಳಿದ ಮೇಲೆ ಅವರದು ಒಂದೇ ಮಾತು: "ಎತ್ತು ಕಟ್ಟದೆ ಮಲಗೋದು ಯಾವ ಸೀಮೆ ಬೇಸಾಯ?"

ಈಗ ದಿನಾ ರಾತ್ರಿ 8.30ಕ್ಕೆ ನಲ್ಲಂಪಳ್ಳಿಯಿಂದ ಫೋನ್ ಬರುತ್ತದೆ. ಮೊಮ್ಮಕ್ಕಳ ಸಮಾಚಾರ ಆಮೇಲೆ.

"ಏನಮ್ಮಾ, ಕಟ್ಟಿದ್ರಾ?"