‘ಬ’ದಿಂದ ಸುರುವಾಗುವ ಊರು

ಬಬಲೇಶ್ವರದ ತಂಗಿ ಮನೆಗೆ ಹೊರಟಿದ್ದೆ. ಚೀಲದಲ್ಲಿ ತಿಕೋಟಾದ ಎರಡು ಕಿಲೋ ಮಣೂಕ, ಪರ್ಸಿನಲ್ಲಿ ಆಧಾರ್ ಕಾರ್ಡು, ಹೊಟ್ಟೆಯಲ್ಲಿ ಬೆಳಗಿನ ಪ್ರಿಗ್ಯಾಬಲಿನ್. ವಿಜಯಪುರ ಸ್ಟ್ಯಾಂಡಿನಲ್ಲಿ ಜಮಖಂಡಿ ಬಸ್ಸನ್ನು ಸರಿಯಾಗಿಯೇ ಹತ್ತಿದೆ. ಕಾಲಿಗೆ ದಾರಿ ನೆನಪಿತ್ತು.

2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಖರೆ. ಆದರೆ ಸೊನ್ನೆ ರೂಪಾಯಿ ಟಿಕೆಟಿಗೂ ಊರ ಹೆಸರು ಬೇಕು. ಕಂಡಕ್ಟರು ಮಷಿನ್ನಿನ ಮೇಲೆ ಬೆರಳಿಟ್ಟು, ‘ಎಲ್ಲಿಗ್ರೀ ಅಕ್ಕಾರ?’ ಅಂದ. ಬಾಯಿ ತೆರೆದೆ. ಊರು ಬರಲಿಲ್ಲ.

ತಂಗಿ ಮನೆ ಕಣ್ಣ ಮುಂದೆಯೇ ಇದೆ. ಕಟ್ಟೆ, ಕಟ್ಟೆ ಮೇಲಿನ ಒಡೆದ ಬೀಸುಕಲ್ಲು, ಬಾಗಿಲಿಗೆ ಬಳಿದ ಆ ದರಿದ್ರ ಗಿಳಿಹಸಿರು. ಹೆಸರಿದ್ದ ಜಾಗದಲ್ಲಿ ಮಾತ್ರ ಬರೀ ಗಾಳಿ.

‘ಬ... ಬದಿಂದ ಸುರು ಆಗತೈತ್ರಿ.’

ನಮ್ಮ ಸೀಮೆಯಲ್ಲಿ ಇದೂ ಒಂದು ಗುರುತೇ? ‘ಬಾಗೇವಾಡಿ!’ ಅಂದಿತು ಹಿಂದಿನ ಸೀಟು. ‘ಅದು ಆ ಕಡೀಗೈತಿ, ಸುಮ್ನಿರೋ.’ ‘ಬೀಳಗಿ?’ ‘ಬನಹಟ್ಟಿ ಇರಬೇಕು ತಗೋರಿ.’ ರುಮಾಲಿನ ಅಜ್ಜರೊಬ್ಬರು ‘ಬಬಲಾದಿ?’ ಅಂದರು. ಹತ್ತಿರ, ತೀರಾ ಹತ್ತಿರ, ನಾಲಿಗೆ ತುದಿ ತುರಿಸತೊಡಗಿತು. ಅಷ್ಟರಲ್ಲಿ ಅಜ್ಜರು ಬಬಲಾದಿಯ ಕಾಲಜ್ಞಾನ ಹಚ್ಚಿಕೊಂಡು ಬರುವ ವರ್ಷದ ಮಳೆಗೇ ಹೋಗಿಬಿಟ್ಟರು. ಅವರಿಗೆ ಮುಂದಾಗುವುದೆಲ್ಲ ಬಾಯಿಪಾಠ, ನನಗೆ ಇಳಿಯುವ ಊರು ಗೊತ್ತಿಲ್ಲ. ‘ಬಾದಾಮಿ?’ ಅಂದಳು ಕಾಲೇಜು ಹುಡುಗಿ.

‘ದಿನಾ ನೆನೆಸಿ ತಿಂತೀನವ್ವಾ, ಏನೂ ಉಪಯೋಗಿಲ್ಲ.’

ಇಡೀ ಬಸ್ಸು ನಕ್ಕಿತು. ನಾನು ಚಾಷ್ಟಿ ಮಾಡಿರಲಿಲ್ಲ.

ನನ್ನ ಬೇನೆಗೆ ಫೈಬ್ರೊಮಯಾಲ್ಜಿಯಾ ಅನ್ನುತ್ತಾರೆ. ಆರಕ್ಷರದ ಈ ಹೆಸರು ತಪ್ಪದೆ ಬರುತ್ತದೆ, ಐದಕ್ಷರದ ಬಬಲೇಶ್ವರ ಬರುವುದಿಲ್ಲ! ಎಕ್ಸ್‌ರೇಯಲ್ಲಿ ಕಾಣದ, ರಕ್ತದಲ್ಲಿ ಸಿಗದ, ಮೈತುಂಬ ಹರಡಿದ ನೋವು. ‘ಎಲ್ಲಾ ಮನಸ್ಸಿಂದು, ಕೆಲಸಾ ಮಾಡು’ ಅನ್ನುವ ನೆಗೆಣ್ಣಿಯನ್ನು ಇಲ್ಲಿಗೇ ಬಿಡುತ್ತೇನೆ. ಪ್ರಿಗ್ಯಾಬಲಿನ್ ಮೂರ್ಛೆರೋಗಕ್ಕೂ ಕೊಡುವ ಮಾತ್ರೆ. 2007ರಲ್ಲಿ ಅಮೆರಿಕದಲ್ಲಿ ಈ ನೋವಿಗೂ ಒಪ್ಪಿಗೆ ಸಿಕ್ಕಿತು. ನರಗಳು ಒಂದಕ್ಕೊಂದು ಚಾಡಿ ಹೇಳುವುದನ್ನು ತಗ್ಗಿಸುತ್ತದೆ. ಆ ಗದ್ದಲ ಅಡಗುವಾಗ ಊರಿನ ಹೆಸರುಗಳೂ ಸುಮ್ಮನಾದರೆ ಯಾರನ್ನು ಕೇಳೋಣ? ಬೇನೆಗೇ ತನ್ನದೊಂದು ಮಂಕು ಇರುತ್ತದೆ, ತಪ್ಪು ಬೇನೆಯದೋ ಮದ್ದಿನದೋ ಹೇಳುವುದು ಕಷ್ಟ ಅಂದರು ಡಾಕ್ಟರು. ತಟ್ಟನೆ ಬಿಡಬೇಡಿ, ಮೆಲ್ಲಗೆ ಇಳಿಸೋಣ ಎಂದೂ ಹೇಳಿದರು. ಯಾವಾಗಿನಿಂದ ಅನ್ನುವುದನ್ನು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಚೀಟಿ ಹುಡುಕುತ್ತಿದ್ದೇನೆ.

‘ಗೋಲಗುಮ್ಮಟದಾಗ ಒಮ್ಮಿ ಒದರಿದ್ರ ಏಳು ಸಲ ಕೇಳತೈತಿ, ಇಕಿಗೆ ಏಳು ಸಲ ಒದರಿದ್ರೂ...’ ಎಂದು ನಮ್ಮ ಮನೆಯವರು ಬಂದ ಬೀಗರಿಗೆಲ್ಲ ಹೇಳಿ ನಗುತ್ತಾರೆ. ಈ ಜೋಕೊಂದು ಮಾತ್ರ ನನಗೆ ಮರೆಯುವುದಿಲ್ಲ.

ಅವ್ವ ಕೊನೆಯ ಎರಡು ವರ್ಷ ನನ್ನನ್ನು ‘ನೀ ಯಾರ ಪೈಕಿ?’ ಎಂದು ಕೇಳುತ್ತಿದ್ದಳು. ಅವಳು ಯಾವ ಮಾತ್ರೆಯನ್ನೂ ನುಂಗುತ್ತಿರಲಿಲ್ಲ.

ಕಡೆಗೆ ಕಂಡಕ್ಟರನೇ ಜಮಖಂಡಿಗೆ ಟಿಕೆಟು ಹರಿದ. ‘ನಡುವ ಎಲ್ಲಿ ನೆನಪಾಗತೈತಿ ಅಲ್ಲಿ ಇಳಕೋರಿ ಅಕ್ಕಾರ, ಹೆಂಗೂ ರೊಕ್ಕಿಲ್ಲ.’

ಅಂಗಡಿಯೊಂದರ ಬೋರ್ಡಿನ ಮೇಲೆ ಕಂಡಿತು. ‘ಬಬಲೇಶ್ವರ!’ ಎಂದು ನಾನು ಒದರಿದ ರಭಸಕ್ಕೆ ಡ್ರೈವರು ಬ್ರೇಕು ಒತ್ತಿದ, ಅಜ್ಜರು ಚಪ್ಪಾಳೆ ತಟ್ಟಿದರು. ಚುನಾವಣೆ ಗೆದ್ದವಳ ಹಾಗೆ ಎಲ್ಲರಿಗೂ ಕೈಮುಗಿದು ಇಳಿದೆ.

ತಂಗಿ ಗಿಳಿಹಸಿರು ಬಾಗಿಲಲ್ಲೇ ನಿಂತಿದ್ದಳು. ‘ಮಣೂಕ ತರತೀನಿ ಅಂದಿದ್ದೆಲ್ಲ ಅಕ್ಕಾ?’

ಮಣೂಕ ಅಷ್ಟೊತ್ತಿಗೆ ಕೃಷ್ಣಾ ಹೊಳೆ ದಾಟುತ್ತಿತ್ತು.