ಎರಡೂವರೆ ರಾಯರು

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅವರು ಮನೆಮನೆಗೂ ಹಂಚುವ ಪಂಚಾಂಗದ ಕ್ಯಾಲೆಂಡರಿನಲ್ಲಿ, ಏಕಾದಶಿ ಸಂಕಷ್ಟಿಗಳ ನೆತ್ತಿಯ ಮೇಲೆ, ಕೋಟು ತೊಟ್ಟು ಕೈಕಟ್ಟಿ ನಗುವ ಫೋಟೋದ ಕೆಳಗೆ ಆ ಹೆಸರು ಅಚ್ಚಾಗಿದೆ. ಆದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನ್ನಿವೇಲ್ ಕಡೆಯ ಕನ್ನಡಿಗರು ಬೆನ್ನ ಹಿಂದೆ ಕರೆಯುವುದು ‘ಎರಡೂವರೆ ರಾಯರು’ ಎಂದೇ. ಶೇಕಡಾ ಎರಡೂವರೆ ಅವರ ಕಮಿಷನ್. (ಇಂಥವರು ಡಲ್ಲಾಸಿನಲ್ಲೂ ಇದ್ದಾರೆ, ನ್ಯೂಜೆರ್ಸಿಯ ಎಡಿಸನ್‌ನಲ್ಲೂ ಇದ್ದಾರೆ. ‘ಇವರು ನಮ್ಮವರೇ’ ಅನ್ನಿಸಿದರೆ ತಪ್ಪು ನನ್ನದಲ್ಲ.)

ಸೋಮವಾರದಿಂದ ಶುಕ್ರವಾರ ಸಾಫ್ಟ್‌ವೇರ್, ಶನಿವಾರ ಭಾನುವಾರ ರಿಯಲ್ಟರ್. ಏಜೆಂಟ್ ಅಂದರೆ ಸಿಟ್ಟು. “ರಿಯಲ್ಟರ್ ಅನ್ನೋದು ಟ್ರೇಡ್‌ಮಾರ್ಕ್ ಸ್ವಾಮಿ. ರಾಷ್ಟ್ರೀಯ ಸಂಘದ ಮೆಂಬರ್ ಆದೋರು ಮಾತ್ರ ಹಾಗೆ ಹೇಳ್ಕೋಬಹುದು” ಎನ್ನುತ್ತಾರೆ. ಆ ಸಂಘದಲ್ಲಿ ಸದಸ್ಯರು ಸುಮಾರು 15 ಲಕ್ಷ. “ಅಷ್ಟು ಜನರಲ್ಲಿ ಈಶಾನ್ಯ ಯಾವ ಕಡೆ ಅಂತ ಗೊತ್ತಿರೋರು ಎಷ್ಟು ಮಂದಿ ಹೇಳಿ?” ಎಂದು ಫೋನಿನ ದಿಕ್ಸೂಚಿ ಹಿಡಿದು ಅಂಗಳದಲ್ಲಿ ಗಿರಗಿರ ಸುತ್ತುತ್ತಾರೆ. ಪೂರ್ವಕ್ಕೆ ಬಾಗಿಲಿಲ್ಲದಿದ್ದರೆ ಗ್ಯಾರೇಜಿನ ಬಾಗಿಲನ್ನೇ ಪೂರ್ವದ ಬಾಗಿಲು ಮಾಡಿಕೊಡುವ ವಿದ್ಯೆಯೂ ಅವರಿಗಿದೆ.

ಗಣೇಶನ ಹಬ್ಬಕ್ಕೆ ಪ್ರಾಯೋಜಕರು, ರಾಜ್ಯೋತ್ಸವಕ್ಕೆ ಪೆಂಡಾಲ್, ಯುಗಾದಿಗೆ ಬಡಿಸುವವರು. ಹೊಸದಾಗಿ ಬಂದ ದಂಪತಿ ಕಂಡರೆ ಎಲೆಗೆ ಕೇಳದೆಯೇ ಎರಡು ಹೋಳಿಗೆ ಬೀಳುತ್ತಿತ್ತು. “ಬಾಡಿಗೆ ಎಷ್ಟು ಕೊಡ್ತಿದ್ದೀರಿ?” ಎಂಬ ಪ್ರಶ್ನೆ ತುಪ್ಪದ ಜೊತೆಗೆ. ಕಮಿಷನ್ ಪ್ರಸ್ತಾಪ ಬಂದರೆ ಮಾತ್ರ ಕಿವಿ ಮುಚ್ಚಿಕೊಳ್ಳುತ್ತಿದ್ದರು. “ಛೆ ಛೆ, ನಮ್ಮನಮ್ಮಲ್ಲಿ ದುಡ್ಡಿನ ಮಾತೇ? ನೀವು ಒಂದು ಡಾಲರೂ ಕೊಡಬೇಕಾಗಿಲ್ಲ. ಎಲ್ಲ ಮಾರೋನೇ ಕೊಡ್ತಾನೆ.”

ಮಾತು ಸುಳ್ಳಲ್ಲ. ಮಾರುವವನು ಬೆಲೆಯ ಶೇಕಡಾ 5ರಿಂದ 6ರಷ್ಟನ್ನು ತನ್ನ ಏಜೆಂಟಿಗೆ ಒಪ್ಪಿಸುವುದು, ಆತ ಅದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕೊಳ್ಳುವವನ ಏಜೆಂಟಿಗೆ ದಾಟಿಸುವುದು ಇಲ್ಲಿಯ ಹಳೆಯ ಪದ್ಧತಿ. ಯಾವ ಮನೆಗೆ ಎಷ್ಟು ಸಿಗುತ್ತದೆಂದು ಏಜೆಂಟರು ನೋಡುವ ಎಂಎಲ್‌ಎಸ್ ಪಟ್ಟಿಯಲ್ಲೇ ಬರೆದಿರುತ್ತಿತ್ತು. ನಾವೂ ಮದುವೆಮನೆಯಲ್ಲಿ ಪುಕ್ಕಟೆ ಊಟವೆಂದೇ ಉಂಡು, ಮುಯ್ಯಿಯ ಕವರು ಕೊಟ್ಟು ಬರುತ್ತೇವಲ್ಲ, ಹಾಗೆ.

ಈ ಸುಖಕ್ಕೆ ಕಲ್ಲು ಬಿದ್ದದ್ದು ದೂರದ ಮಿಸೌರಿಯಲ್ಲಿ. ‘ಕೊಳ್ಳುವವನ ಏಜೆಂಟಿಗೆ ನಾವೇಕೆ ದುಡ್ಡು ತೆರಬೇಕು?’ ಎಂದು ಮನೆ ಮಾರಿದ ಕೆಲವರು ಕೋರ್ಟಿಗೆ ಹೋಗಿದ್ದರು. ಕಾನ್ಸಾಸ್ ಸಿಟಿಯ ಜ್ಯೂರಿ ಅವರ ಪರವಾಗಿ 178 ಕೋಟಿ ಡಾಲರಿಗೂ ಮಿಕ್ಕ ಪರಿಹಾರ ಹೇಳಿತು. ಅದು 2023ರ ಅಕ್ಟೋಬರ್ 31, ಹ್ಯಾಲೋವೀನ್. ಬೀದಿಯ ಮಕ್ಕಳೆಲ್ಲ ದೆವ್ವದ ವೇಷ ಹಾಕಿ ಬಾಗಿಲು ಬಡಿಯುತ್ತಿದ್ದರೆ ರಾಯರಿಗೆ ನಿಜವಾದ ದೆವ್ವ ಕಂಡದ್ದು ಫೋನಿನಲ್ಲಿ. ಮುಂದಿನ ಮಾರ್ಚಿನಲ್ಲಿ ರಿಯಲ್ಟರುಗಳ ರಾಷ್ಟ್ರೀಯ ಸಂಘ 41.8 ಕೋಟಿ ಡಾಲರಿಗೆ ರಾಜಿಯಾಯಿತು. ಆ ರಾಜಿಯಂತೆ 2024ರ ಆಗಸ್ಟ್ 17ರಿಂದ ಎಂಎಲ್‌ಎಸ್ ಪಟ್ಟಿಯಲ್ಲಿ ಕೊಳ್ಳುವವನ ಏಜೆಂಟಿನ ಪಾಲು ಬರೆಯುವಂತಿಲ್ಲ. ಕೊಳ್ಳುವವನಿಂದ ಬರವಣಿಗೆಯಲ್ಲಿ ಒಪ್ಪಂದ ಪಡೆಯದೆ ಅವನಿಗೆ ಮನೆ ತೋರಿಸುವಂತಿಲ್ಲ. ಒಪ್ಪಂದದಲ್ಲಿ ಕಮಿಷನ್ ಇಂತಿಷ್ಟು ಎಂದು ನಿಖರವಾಗಿ ಇರಬೇಕು. ಕಮಿಷನ್ ಕಾನೂನು ಗೊತ್ತುಮಾಡಿದ್ದಲ್ಲ, ಚೌಕಾಸಿ ಮಾಡಬಹುದು ಎಂದೂ ಎದ್ದುಕಾಣುವಂತೆ ಬರೆದಿರಬೇಕು.

ಚೌಕಾಸಿ ಮಾಡಬಹುದು! ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಬೆಳೆದವರ ಮುಂದೆ ಇದನ್ನು ಅಚ್ಚುಹಾಕಿಸಿ ಹಿಡಿಯುವುದೇ?

2025ರ ಜನವರಿಯ ಮಳೆಯಲ್ಲಿ ನಾವು ಮೊದಲ ಮನೆ ನೋಡಲು ಹೋದೆವು. ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು. ರಾಯರು ಕಾರಿನಿಂದ ಇಳಿಯಲೊಲ್ಲರು. ಕೆಮ್ಮಿದರು. ಟ್ಯಾಬನ್ನು ಟವೆಲಿನಿಂದ ಒರೆಸಿದರು. ಇಪ್ಪತ್ತು ವರ್ಷ ಬಾಯಿಬಿಟ್ಟು ಹೇಳದ ಸಂಖ್ಯೆಯನ್ನು ಹೇಳುವಾಗ ಅವರ ಮುಖ ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಕೆಂಪಾಯಿತು.

“ಬರೀ ಫಾರ್ಮಾಲಿಟಿ ಸ್ವಾಮಿ. ಮೂರೇ ತಿಂಗಳು. ಈಗ ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಅದಕ್ಕಿಂತ ಹೆಚ್ಚು ಕಟ್ಟಿಹಾಕೋ ಹಾಗೂ ಇಲ್ಲ.”

ನನ್ನ ಹೆಂಡತಿ ಫೋನಿನಲ್ಲಿ ಲೆಕ್ಕ ಹಾಕಿದಳು. ಹದಿನೈದು ಲಕ್ಷ ಡಾಲರಿನ ಮನೆಗೆ ಎರಡೂವರೆ ಅಂದರೆ 37,500. “ರೀ, ಮಾರೋರು ಕೊಡದೇ ಹೋದ್ರೆ ಇದನ್ನ ನಾವೇ ಕೊಡಬೇಕಂತೆ. ಸಾಲಕ್ಕೂ ಸೇರಿಸೋಕಾಗಲ್ವಂತೆ, ಕೈಯಿಂದಲೇ ಹಾಕಬೇಕು.”

ಊರಿಂದ ಬಂದು ಹಿಂದಿನ ಸೀಟಿನಲ್ಲಿ ಮಂಕಿ ಕ್ಯಾಪ್ ಹಾಕಿ ಕೂತಿದ್ದ ಅಪ್ಪ ಅದನ್ನು ರೂಪಾಯಿಗೆ ಇಳಿಸಿದರು. ಮೂವತ್ತು ಲಕ್ಷದ ಮೇಲಾಯಿತು. “ದಲ್ಲಾಳಿಗೇ? ಕುವೆಂಪುನಗರದ ಮನೆ ತಗೊಂಡಾಗ ನಮ್ಮ ದಲ್ಲಾಳಿ ಶೇಕಡಾ ಒಂದು ತಗೊಂಡ. ಮಾರಿದವನ ಹತ್ತಿರವೂ ಒಂದು ತಗೊಂಡ. ಎರಡನ್ನೂ ನಮ್ಮ ಎದುರಿಗೇ ಎಣಿಸಿಕೊಂಡ. ಮೇಲೊಂದು ಪಂಚೆ ಕೊಟ್ಟೆ, ಅಷ್ಟೇ.”

‘ದಲ್ಲಾಳಿ’ ಎಂಬ ಶಬ್ದ ಕಿವಿಗೆ ಬಿದ್ದಾಗ ರಾಯರ ಟ್ರೇಡ್‌ಮಾರ್ಕು ಮಳೆಯಲ್ಲಿ ನೆನೆದಂತಾಯಿತು. ನನಗೂ ನಾಚಿಕೆಯಾಗಿ ಕಿಟಕಿಯಾಚೆ ನೋಡಿದೆ. ಇಷ್ಟು ವರ್ಷ ಅವರ ಹೋಳಿಗೆ ತಿಂದಿದ್ದೇನೆ. ಆದರೆ ಹೆಂಡತಿಗೆ ಹೋಳಿಗೆ ಅಷ್ಟಾಗಿ ಸೇರುವುದಿಲ್ಲ. ಅವಳು ಒಂದಕ್ಕೆ ನಿಂತಳು, ರಾಯರು ಎರಡಕ್ಕೆ ಇಳಿದರು. ವೈಪರ್ ಅತ್ತಿಂದಿತ್ತ ಆಡುತ್ತಿತ್ತು. ಒಂದೂವರೆಗೆ ಸಹಿ ಬಿತ್ತು. ಆಮೇಲೆ ಒಳಗೆ ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಒಗ್ಗರಣೆಯ ಹೊಗೆ ಹೋಗಲು ದಾರಿಯೇ ಇರಲಿಲ್ಲ. ಬೇಡವೆಂದು ಹೊರಬಂದೆವು.

ಅಲ್ಲಿಂದ ರಾಯರ ಪಾಡು ಯಾರಿಗೂ ಬೇಡ. ಹಿಂದೆ ಪಟ್ಟಿಯಲ್ಲಿ ಕಾಣುತ್ತಿದ್ದುದನ್ನು ಈಗ ಪ್ರತಿ ಮನೆಗೂ ಫೋನ್ ಮಾಡಿ ಕೇಳಬೇಕು. “ನಿಮ್ಮ ಕಡೆಯಿಂದ ನಮಗೆ ಏನಾದರೂ…” ಎಂದು ಎಳೆಯುವ ಅವರ ಇಂಗ್ಲಿಷಿನಲ್ಲಿ ವರದಕ್ಷಿಣೆಯ ಹಳೆಯ ರಾಗವಿತ್ತು. ಮಾರುವವರೇ ಕೊಡಲಿ ಎಂದು ಆಫರಿನಲ್ಲಿ ಬರೆಯಬಹುದು. ಬರೆದರೆ, ಬರೆಯದ ಇನ್ನೊಬ್ಬರ ಆಫರ್ ಮುಂದೆ ನಮ್ಮದು ಸಪ್ಪೆ. ಬರೆಯದಿದ್ದರೆ ನಮ್ಮ ಜೇಬು ಸಪ್ಪೆ. ಎರಡು ಮನೆ ಹೀಗೆ ಕೈತಪ್ಪಿದವು. ಓಪನ್ ಹೌಸಿಗೆ ಸುಮ್ಮನೆ ನೋಡಲು ಹೋಗುವವರಿಗೆ ಒಪ್ಪಂದ ಬೇಕಿಲ್ಲವಾದ್ದರಿಂದ ನಮ್ಮ ಕನ್ನಡ ಸಂಘದ ಅರ್ಧ ಜನ ಭಾನುವಾರ ರಾಯರಿಗೆ ತಿಳಿಸದೆ ತಾವೇ ಅಲೆಯತೊಡಗಿದ್ದರು. ದಾರಿಯಲ್ಲಿ ಎದುರಾದರೆ, “ತರಕಾರಿಗೆ ಬಂದಿದ್ವಿ” ಎನ್ನುತ್ತಿದ್ದರು.

ಮೂರನೆಯ ಮನೆಯವನು ರಾಯರ ಒಂದೂವರೆಯನ್ನು ತಾನೇ ಕೊಡಲು ಒಪ್ಪಿದ. ಎರಡೂವರೆಗೂ ಒಪ್ಪುತ್ತಿದ್ದನೇನೋ! ಆದರೆ ಒಪ್ಪಂದದಲ್ಲಿ ಬರೆದದ್ದಕ್ಕಿಂತ ಹೆಚ್ಚು ಏಜೆಂಟು ಯಾರಿಂದಲೂ ಪಡೆಯುವಂತಿಲ್ಲ. ಅದನ್ನು ಹೇಳುವಾಗ ರಾಯರು ನನ್ನ ಹೆಂಡತಿಯನ್ನು ನೋಡಿದ ನೋಟ ಇನ್ನೂ ನೆನಪಿದೆ. ಗೃಹಪ್ರವೇಶಕ್ಕೆ ಹಿತ್ತಾಳೆಯ ದೀಪ ತಂದುಕೊಟ್ಟರು, ಹಾಲು ಉಕ್ಕಿ ಸ್ಮೋಕ್ ಅಲಾರಂ ಕೂಗಿದಾಗ ಕುರ್ಚಿ ಹತ್ತಿ ನಿಲ್ಲಿಸಿದವರೂ ಅವರೇ. ಒಪ್ಪಂದದಲ್ಲಿ ಅದೇನೂ ಇರಲಿಲ್ಲ.

ಮಾರ್ಚ್ ಕೊನೆಗೆ ಯುಗಾದಿ. ಊಟದ ಸಾಲಿನಲ್ಲಿ ಹೋಳಿಗೆಯ ತಟ್ಟೆ ಹಿಡಿದು ರಾಯರು ಬಂದರು. ನನ್ನ ಎಲೆಯ ಮುಂದೆ ನಿಂತರು. ಬಡಿಸಲಿಲ್ಲ.

“ಎಷ್ಟು ಹಾಕ್ಲಿ? ಮೊದಲೇ ಹೇಳಿಬಿಡಿ ಸ್ವಾಮಿ.”

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಎಲೆಯಿಂದ ಹೆಂಡತಿ ಹೇಳಿದಳು: “ಒಂದೂವರೆ.”

ರಾಯರು ಒಂದನ್ನು ಬಡಿಸಿ, ಇನ್ನೊಂದನ್ನು ನಾಜೂಕಾಗಿ ಮುರಿದು ಅರ್ಧ ನನ್ನ ಎಲೆಗೆ ಹಾಕಿದರು. ಉಳಿದರ್ಧವನ್ನು ಅಲ್ಲೇ ನಿಂತು ತಾವೇ ತಿಂದರು.